ಬ್ಲಾಗಿನಲ್ಲಿ ತಪ್ಪು ಕಾಣಲಿ, ತಿದ್ದುವುದು ಮಕ್ಕಳೇ ಆಗಲಿ

ನನ್ನ ಒಂಬತ್ತನೇ ತರಗತಿಯ ಮಕ್ಕಳು ಕನ್ನಡದಲ್ಲಿ ಬರೆಯುವ ಬ್ಲಾಗ್ ನೋಡಿ ಮ್ಯಾನೇಜ್‌ಮೆಂಟಿನವರು ಮುಖ್ಯೋಪಾಧ್ಯಾಯರ ಎದುರಿಗೇ ಹೇಳಿದ ಮಾತು ಇನ್ನೂ ಚುಚ್ಚುತ್ತಿದೆ: “ಇಷ್ಟೊಂದು ತಪ್ಪಾ? ಟೀಚರು ತಿದ್ದಿಯೇ ಹಾಕಬೇಕು, ಶಾಲೆಯ ಮರ್ಯಾದೆ ಪ್ರಶ್ನೆ.” ಮುಂಬೈಯಲ್ಲಿ ಕನ್ನಡ ಕಲಿಸುವ ಉಳಿದವರೂ ಇಂಥದ್ದನ್ನು ಕೇಳಿಯೇ ಇರುತ್ತೀರಿ.

ಟೀಚರು ತಿದ್ದಿ ಹಾಕಿದರೆ ಬ್ಲಾಗ್ ಚೆಂದ ಕಾಣುತ್ತದೆ, ಮಗುವಿನ ಬರವಣಿಗೆ ಇದ್ದಲ್ಲೇ ಇರುತ್ತದೆ. ನೋಟ್‌ಬುಕ್ಕಿನ ಕೆಂಪು ಇಂಕಿನದೂ ಅದೇ ಗತಿ, ಮಾರ್ಕ್ಸ್ ನೋಡಿ ಪುಟ ಮಗುಚಿಬಿಡುತ್ತಾರೆ. ಬ್ಲಾಗಿನಲ್ಲಿ ಓದಿದವರು ಪ್ರಶ್ನೆ ಕೇಳುತ್ತಾರೆ, ಉತ್ತರ ಕೊಡಲು ಮತ್ತೆ ಬರೆಯಬೇಕಾಗುತ್ತದೆ. ಅದರ ಬಲ ಇರುವುದೇ ಅಲ್ಲಿ.

ಒಬ್ಬ ಹುಡುಗ ಬರೆದಿದ್ದ: “ನನ್ನ ತಂದೆ ಹೋಟೆಲಿನಲ್ಲಿ ಕೆಲಸ ಮಾಡುತ್ತಾರೆ. ತುಂಬಾ ಕಷ್ಟಪಡುತ್ತಾರೆ.” ಕಾಗುಣಿತ ಸರಿಯಿದೆ, ಆದರೆ ಬರಹದಲ್ಲಿ ಏನೂ ಇಲ್ಲ. ಸಹಪಾಠಿಯೊಬ್ಬಳು ಕಾಮೆಂಟಿನಲ್ಲಿ ಕೇಳಿದಳು: “ಎಷ್ಟು ಗಂಟೆಗೆ ಏಳ್ತಾರೆ? ಎದ್ದ ಕೂಡಲೇ ಏನು ಮಾಡ್ತಾರೆ?” ಮರುಬರಹ ಹೀಗೆ ಬಂತು: “ಅಪ್ಪ ನಾಲ್ಕು ಗಂಟೆಗೆ ಎದ್ದು ಮೊದಲು ಇಡ್ಲಿ ಹಿಟ್ಟು ಉಬ್ಬಿದೆಯಾ ನೋಡುತ್ತಾರೆ. ಐದೂವರೆಗೆ ಬರುವ ಮೊದಲ ಗಿರಾಕಿ ರಾತ್ರಿ ಪಾಳಿ ಮುಗಿಸಿದ ಟ್ಯಾಕ್ಸಿಯವರು.” ಯಾವ ಕೆಂಪು ಇಂಕೂ ಈ ಎರಡು ವಾಕ್ಯ ಬರೆಸಲಾರದು.

ಆದರೆ ಕಾಮೆಂಟಿಗೆ ನಿಯಮ ಬೇಕು. ಬಿಟ್ಟರೆ “ಸೂಪರ್”, “ಚೆನ್ನಾಗಿದೆ”, ಒಂದು ಇಮೋಜಿ, ಅಷ್ಟೇ. ಪ್ರತಿ ಕಾಮೆಂಟಿನಲ್ಲೂ ಬರಹದ ಒಂದು ವಾಕ್ಯವನ್ನು ಎತ್ತಿ ಹೇಳಬೇಕು, ಅದರ ಮೇಲೆ ಒಂದು ಪ್ರಶ್ನೆ ಕೇಳಬೇಕು. ಒಬ್ಬರಿಗೆ ಇಬ್ಬರು ಓದುಗರು ಸಾಕು, ಜೋಡಿ ಪ್ರತಿ ಸಲ ಬದಲಾಗಲಿ. ವಿಷಯವೂ ಕಿರಿದಾಗಿರಲಿ. ‘ನನ್ನ ಮೆಚ್ಚಿನ ಹಬ್ಬ’ ಎಂದರೆ ಗೈಡಿನಿಂದ ಇಳಿಸುತ್ತಾರೆ. ‘ನಿಮ್ಮ ಚಾಳಿನಲ್ಲಿ ನೀರು ಬರುವ ಅರ್ಧ ಗಂಟೆ’ ಎಂದರೆ ಇಳಿಸಲು ಗೈಡೇ ಇಲ್ಲ. 120ರಿಂದ 150 ಪದ ಸಾಕು.

ಕರಡು ನೇರ ಬ್ಲಾಗರಿನಲ್ಲಿ (ಬ್ಲಾಗ್ ನಡೆಸುವ ಗೂಗಲ್ ತಾಣ) ಬೇಡ. ಅಲ್ಲಿ ಹಳೆಯ ಪ್ರತಿ ಉಳಿಯುವುದಿಲ್ಲ, ತಿದ್ದಿ ಸೇವ್ ಮಾಡಿದರೆ ಮೊದಲಿನದು ಹೋಯಿತು. ಗೂಗಲ್ ಡಾಕ್ಸಿನಲ್ಲಿ ವರ್ಷನ್ ಹಿಸ್ಟರಿ, ಅಂದರೆ ಹಳೆಯ ಪ್ರತಿಗಳ ದಾಖಲೆ ಇದೆ, ಮಗು ಏನು ಬದಲಾಯಿಸಿತು ಎಂದು ಕಾಣುತ್ತದೆ. ನಾನು ಮಾರ್ಕ್ಸ್ ಕೊಡುವುದು ಆ ಬದಲಾವಣೆಗೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ, ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಪರಿವರ್ತಿಸಿಯೇ ಹಾಕಬೇಕು.

ಇನ್ನು ಮ್ಯಾನೇಜ್‌ಮೆಂಟಿಗೆ ಕಂಡ ತಪ್ಪುಗಳು. ಅವುಗಳಲ್ಲಿ ಹೆಚ್ಚಿನವು ಕೊಡು–ಕೋಡು, ಕೆರೆ–ಕೇರೆ ಜಾತಿಯವು. ನಮ್ಮ ಮಕ್ಕಳು ದಿನವೂ ಮರಾಠಿ, ಹಿಂದಿ ಬರೆಯುತ್ತಾರೆ. ಆ ಬರವಣಿಗೆಯಲ್ಲಿ ಎ–ಏ, ಒ–ಓ ಎಂದು ಹ್ರಸ್ವ ದೀರ್ಘ ಬೇರೆ ಮಾಡುವ ಪ್ರಮೇಯವೇ ಇಲ್ಲ, ಹಾಗಾಗಿ ಕನ್ನಡದಲ್ಲೂ ಕಿವಿಗೆ ಅದು ಬೀಳುವುದಿಲ್ಲ. ಮೇಲಾಗಿ ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುತ್ತಾರೆ. ಕೀಬೋರ್ಡ್ ಮುಂದಿಟ್ಟ ಮೊದಲ ಪದವೇ ಗತಿ. ಲ–ಳ, ನ–ಣ ಅದಲುಬದಲಾಗುವುದೂ ಹೀಗೆಯೇ. ಕನ್ನಡ ಕೀಲಿಮಣೆಗೆ ಬದಲಾಯಿಸಿದರೆ ಕೊಂಬು, ದೀರ್ಘಗಳನ್ನು ಬೆರಳೇ ಆರಿಸಬೇಕು. ಮೊದಲ ಎರಡು ವಾರ ನಿಧಾನವಾಗುತ್ತದೆ, ಗೊಣಗುತ್ತಾರೆ, ಬಿಡಬೇಡಿ. ತಿದ್ದುವಾಗ ಒಂದು ಸಲಕ್ಕೆ ಒಂದೇ ಜಾತಿಯ ತಪ್ಪು ಹಿಡಿಯಿರಿ. ಸಾಲಿನ ಪಕ್ಕ ಗುರುತು ಹಾಕಿ, ಸರಿಯಾದ ರೂಪ ಬರೆಯಬೇಡಿ, ಹುಡುಕುವ ಕೆಲಸ ಅವರದೇ ಇರಲಿ. ವಿಷಯದ ಮರುಬರಹ ಮುಗಿದ ಮೇಲೆ ಮಾತ್ರ ಇದನ್ನು ಎತ್ತಿಕೊಳ್ಳಿ. ಮೊದಲೇ ಕಾಗುಣಿತಕ್ಕೆ ಕೈಹಾಕಿದರೆ ಹೆದರಿ ಗೊತ್ತಿರುವ ಪದಗಳಲ್ಲೇ ಬರೆಯುತ್ತಾರೆ.

ಮರ್ಯಾದೆಯ ಚಿಂತೆಗೆ ದಾರಿ ಸೆಟ್ಟಿಂಗ್ಸಿನಲ್ಲೇ ಇದೆ. ಬ್ಲಾಗನ್ನು ಖಾಸಗಿಯಾಗಿಡಿ, ಆಹ್ವಾನ ಹೋದವರಷ್ಟೇ ಓದಲಿ, ಕಾಮೆಂಟ್ ಟೀಚರು ಒಪ್ಪಿದ ಮೇಲೆಯೇ ಕಾಣಲಿ. ಮಕ್ಕಳ ಪೂರ್ತಿ ಹೆಸರು, ಫೋಟೊ, ಚಾಳಿನ ವಿಳಾಸ ಯಾವುದೂ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಆದ್ದರಿಂದ ಪಾಲಕರ ಒಪ್ಪಿಗೆಯನ್ನು ಬರೆಸಿಕೊಂಡು ಫೈಲಿನಲ್ಲಿಡಿ. ಟರ್ಮಿನ ಕೊನೆಗೆ ಮಕ್ಕಳೇ ಆರಿಸಿ ತಿದ್ದಿದ ಬರಹಗಳನ್ನು ಇನ್ನೊಂದು ಬ್ಲಾಗಿನಲ್ಲಿ ಎಲ್ಲರಿಗೂ ತೋರಿಸಬಹುದು.

ಮ್ಯಾನೇಜ್‌ಮೆಂಟಿನಿಂದ ಬೇಕಾದದ್ದು ಕಂಪ್ಯೂಟರ್ ಲ್ಯಾಬಿನಲ್ಲಿ ವಾರಕ್ಕೊಮ್ಮೆ ಜೋಡಿ ಪಿರಿಯಡ್. ಒಂದೇ ಪಿರಿಯಡ್ ಆದರೆ ಲಾಗಿನ್ ಆಗುವುದರಲ್ಲೇ ಬೆಲ್ ಹೊಡೆಯುತ್ತದೆ. ಆ ಅವಧಿಯಲ್ಲಿ ಕನ್ನಡ ಟೀಚರನ್ನು ಪ್ರಾಕ್ಸಿಗೆ, ಅಂದರೆ ರಜೆಯಲ್ಲಿರುವ ಟೀಚರ ಬದಲಿಗೆ ಬೇರೆ ತರಗತಿಗೆ ಕಳಿಸಬಾರದು, ಅದನ್ನೂ ಟೈಮ್‌ಟೇಬಲ್ಲಿನಲ್ಲೇ ಬರೆಸಿಕೊಳ್ಳಿ.