ವಕೀಲರನ್ನು ಬದಲಾಯಿಸುವ ಮುನ್ನ ಆರ್ಡರ್ ಶೀಟ್ ನೋಡಿ

ತುಮಕೂರಿನ ನ್ಯಾಯಾಲಯಗಳಲ್ಲಿ ಆರೋಪಿಗಳ ಪರವಾಗಿ ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ನನ್ನ ಬಳಿಗೆ, ಬೇರೊಬ್ಬ ವಕೀಲರ ಕೈಯಲ್ಲಿ ಅರ್ಧ ನಡೆದ ಕೇಸುಗಳನ್ನು ಹಿಡಿದುಕೊಂಡು ಬರುವವರು ಬಹಳ. ಗುಬ್ಬಿ, ಕುಣಿಗಲ್, ಕೊರಟಗೆರೆ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ನಮ್ಮ ಲಾಯರ್ರು ಫೋನೇ ಎತ್ತಲ್ಲ ಸಾರ್, ಬರೀ ಡೇಟ್ ಮೇಲೆ ಡೇಟ್ ಆಗ್ತಿದೆ, ನೀವೇ ತಗೊಳ್ಳಿ." ಅವರ ಸಂಕಟ ನಿಜವಾದದ್ದೇ. ಆದರೆ ವಕೀಲರು ಕೆಲಸ ಮಾಡಿದ್ದಾರೋ ಇಲ್ಲವೋ ಎಂಬುದನ್ನು ಅವರು ಎಷ್ಟು ಮಾತನಾಡುತ್ತಾರೆ ಎಂಬುದರಿಂದ ಅಳೆಯಲಾಗದು, ನ್ಯಾಯಾಲಯದ ಆರ್ಡರ್ ಶೀಟ್ ನೋಡಿಯೇ ತಿಳಿಯಬೇಕು ಎಂಬುದು ಈ ವೃತ್ತಿ ನನಗೆ ಕಲಿಸಿದ ಪಾಠ. ಬದಲಾಯಿಸುವುದೇ ಆದರೆ ಸಾಕ್ಷಿಗಳ ಪಾಟೀ ಸವಾಲು (ಎದುರು ಪಕ್ಷದ ಸಾಕ್ಷಿಗಳನ್ನು ನಮ್ಮ ವಕೀಲರು ಪ್ರಶ್ನಿಸುವುದು) ಶುರುವಾಗುವ ಮೊದಲೇ ಬದಲಾಯಿಸಬೇಕೆಂಬುದನ್ನೂ ಅದರ ಜೊತೆಗೇ ಕಲಿತಿದ್ದೇನೆ.

ಪ್ರತಿ ದಿನಾಂಕದಂದು ಯಾರು ಹಾಜರಿದ್ದರು, ಯಾರು ಗೈರಾಗಿದ್ದರು, ಕೇಸು ಯಾವ ಕಾರಣಕ್ಕೆ ಮುಂದಕ್ಕೆ ಹೋಯಿತು ಎಂಬುದನ್ನೆಲ್ಲ ಆರ್ಡರ್ ಶೀಟಿನಲ್ಲಿ ಬರೆದಿರುತ್ತಾರೆ. ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ನಕಲು ಶಾಖೆಯಲ್ಲಿ ಅದರ ದೃಢೀಕೃತ ಪ್ರತಿ ಸಿಗುತ್ತದೆ. ಪ್ರತಿ ಕೇಸಿಗೂ ಪ್ರತ್ಯೇಕವಾಗಿ ಕೊಡುವ ಹದಿನಾರು ಅಕ್ಷರ-ಅಂಕಿಗಳ ಸಿಎನ್ಆರ್ ಸಂಖ್ಯೆ ಗೊತ್ತಿದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿಯೇ ಮುಂದಿನ ದಿನಾಂಕವನ್ನೂ ಕೇಸು ಯಾವ ಹಂತದಲ್ಲಿದೆ ಎಂಬುದನ್ನೂ ನೋಡಬಹುದು. ಹಾಗೆ ನೋಡಿದಾಗ ಎಷ್ಟೋ ಸಲ ದೂರು ಸುಳ್ಳಾಗಿದೆ: ಸಾಕ್ಷಿಗೆ ಸಮನ್ಸ್ ಜಾರಿಯಾಗಿರುವುದಿಲ್ಲ, ತನಿಖಾಧಿಕಾರಿ ಬಂದಿರುವುದಿಲ್ಲ, ನ್ಯಾಯಾಧೀಶರು ರಜೆಯಲ್ಲಿರುತ್ತಾರೆ, ವಕೀಲರು ಮಾತ್ರ ಪ್ರತಿ ದಿನಾಂಕಕ್ಕೂ ಹಾಜರಾಗಿರುತ್ತಾರೆ. ಅಂಥವರನ್ನು ಬಿಟ್ಟು ಬರಬೇಡಿ ಎಂದು ಹೇಳಿ ಕಳುಹಿಸಿದ್ದೇನೆ. ಜಾಮೀನು ಅರ್ಜಿ ವಜಾ ಆದ ಮಾತ್ರಕ್ಕೆ ವಕೀಲರು ಅಸಮರ್ಥರೆಂದು ಹೇಳಲಾಗದು.

ಗುಬ್ಬಿ ತಾಲ್ಲೂಕಿನ ಒಂದು ಕುಟುಂಬದ ಕೇಸು ಹಾಗಿರಲಿಲ್ಲ. ಅಡಿಕೆ ತೋಟದ ಬದುವಿನ ವಿಚಾರಕ್ಕೆ ನಡೆದ ಹೊಡೆದಾಟದಲ್ಲಿ ಮನೆಯ ಹಿರಿಯಣ್ಣನ ಮೇಲೆ ಕೊಲೆ ಯತ್ನದ ಆರೋಪವಿತ್ತು, ಆತ ನ್ಯಾಯಾಂಗ ಬಂಧನದಲ್ಲಿದ್ದ. ಅವರ ಆರ್ಡರ್ ಶೀಟ್ ತೆಗೆಸಿ ನೋಡಿದರೆ, ಪಿರ್ಯಾದಿಯ ಮುಖ್ಯ ವಿಚಾರಣೆ (ಸರ್ಕಾರಿ ವಕೀಲರು ಪ್ರಶ್ನೆ ಕೇಳಿ ಸಾಕ್ಷ್ಯ ಪಡೆಯುವುದು) ಮುಗಿದ ದಿನ ವಕೀಲರು ಗೈರು. ಸಮಯ ಕೇಳಿದ ಕಿರಿಯ ವಕೀಲರ ಕೋರಿಕೆ ತಿರಸ್ಕೃತ. ಕೆಳಗೆ "ಪಾಟೀ ಸವಾಲು ಇಲ್ಲವೆಂದು ಪರಿಗಣಿಸಲಾಗಿದೆ" ಎಂಬ ಒಂದು ಸಾಲು. ವೈದ್ಯರ ಸಾಕ್ಷ್ಯಕ್ಕೂ ಅದೇ ಗತಿಯಾಗಿತ್ತು. ದೂರಿನಲ್ಲಿ ಮಚ್ಚಿನಿಂದ ಹೊಡೆದರೆಂದಿತ್ತು, ಗಾಯದ ಪ್ರಮಾಣಪತ್ರದಲ್ಲಿ ಮೊಂಡು ಆಯುಧದಿಂದಾದ ಗಾಯವೆಂದಿತ್ತು. ಇಡೀ ಪ್ರತಿವಾದ ನಿಲ್ಲಬೇಕಾದದ್ದು ಆ ಒಂದು ವ್ಯತ್ಯಾಸದ ಮೇಲೆ, ಮತ್ತು ಅದರ ಬಗ್ಗೆ ವೈದ್ಯರನ್ನು ಯಾರೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಒಬ್ಬ ಮನುಷ್ಯನ ಬಿಡುಗಡೆ ಇಂಥ ಪ್ರಶ್ನೆಯೊಂದರ ಮೇಲೆ ನಿಂತಿರುವಾಗ ಅದನ್ನು ಕೇಳದೆ ಬಿಡುವುದು ಅಕ್ಷಮ್ಯವೆಂದೇ ನಾನು ಭಾವಿಸುತ್ತೇನೆ.

ಸಾಕ್ಷಿಗಳನ್ನು ಮರಳಿ ಕರೆಸಲು ದಂಡ ಪ್ರಕ್ರಿಯಾ ಸಂಹಿತೆಯ 311ನೇ ಕಲಂ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 348ನೇ ಕಲಂ. ಆದರೆ ವಕೀಲರು ಬದಲಾದರು, ಹಿಂದಿನವರು ಸರಿಯಾಗಿ ನಡೆಸಲಿಲ್ಲ ಎಂಬುದಷ್ಟೇ ಸಾಕ್ಷಿಗಳನ್ನು ಮತ್ತೆ ಕರೆಸಲು ಕಾರಣವಾಗದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಶಿವಕುಮಾರ್ ಯಾದವ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಹಿಂದಿನ ವಕೀಲರನ್ನು ದೂರುವುದರಲ್ಲಿ ಒಂದು ಸಾಲನ್ನೂ ವ್ಯರ್ಥ ಮಾಡದೆ, ಯಾವ ಸಾಕ್ಷಿಗೆ ಏನನ್ನು ಕೇಳಬೇಕಿದೆ, ಅದಕ್ಕೂ ನ್ಯಾಯನಿರ್ಣಯಕ್ಕೂ ಸಂಬಂಧವೇನು, ಬಂಧನದಲ್ಲಿರುವ ಆರೋಪಿಗೆ ವಕೀಲರ ಗೈರುಹಾಜರಿಯನ್ನು ತಡೆಯುವುದು ಹೇಗೆ ಸಾಧ್ಯವಿರಲಿಲ್ಲ ಎಂಬುದನ್ನು ಸಾಕ್ಷಿವಾರು ಬರೆದು ಅರ್ಜಿ ಹಾಕಿದೆವು. ಪಿರ್ಯಾದಿ ಮತ್ತು ವೈದ್ಯರನ್ನು ಕರೆಸಲು, ಖರ್ಚು ಕಟ್ಟಬೇಕೆಂಬ ಷರತ್ತಿನ ಮೇಲೆ, ಅನುಮತಿ ಸಿಕ್ಕಿತು. ಮಹಜರು ಸಾಕ್ಷಿಗಳ ಮಟ್ಟಿಗೆ ಅರ್ಜಿ ವಜಾ ಆಯಿತು. ಆ ಕುಟುಂಬ ಕೆಲವು ದಿನಾಂಕಗಳಿಗೆ ಮೊದಲೇ ಬಂದಿದ್ದರೆ ಈ ಅರ್ಜಿಯೇ ಬೇಕಿರಲಿಲ್ಲ.

ಮರಳಿ ಸಿಗದ ಇನ್ನೊಂದು ಅವಕಾಶವೆಂದರೆ ದೋಷಾರೋಪಣಾ ಪಟ್ಟಿ ತಡವಾದಾಗ ಸಿಗುವ ಜಾಮೀನು. ಬಂಧಿತನನ್ನು ನ್ಯಾಯಾಲಯ ಮೊದಲು ಬಂಧನಕ್ಕೆ ಒಪ್ಪಿಸಿದ ದಿನದಿಂದ, ಅಪರಾಧದ ತೀವ್ರತೆಗೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ಪೊಲೀಸರು ಅದನ್ನು ಸಲ್ಲಿಸದಿದ್ದರೆ ಜಾಮೀನು ಆರೋಪಿಯ ಹಕ್ಕಾಗುತ್ತದೆ; ಆದರೆ ವಕೀಲರು ಅರ್ಜಿ ಹಾಕುವ ಮೊದಲೇ ದೋಷಾರೋಪಣಾ ಪಟ್ಟಿ ಬಂದರೆ ಆ ಹಕ್ಕು ಅಲ್ಲಿಗೆ ಮುಗಿಯಿತು. ಮನೆಯವರು ಈ ದಿನಗಳನ್ನು ತಾವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ವಕೀಲರನ್ನು ನೇರವಾಗಿ ಕೇಳಬೇಕು. ಕೇಳಿದರೆ ಲಾಯರ್ರಿಗೆ ಬೇಜಾರಾದೀತು ಎಂದು ಹೆದರಿ ಸುಮ್ಮನಿರುವವರನ್ನು ಕಂಡಾಗ ನನಗೆ ನಿಜಕ್ಕೂ ದುಃಖವಾಗುತ್ತದೆ.

ಬದಲಾಯಿಸಲು ನಿರ್ಧರಿಸಿದವರು ಹಿಂದಿನ ವಕೀಲರಿಂದ ನಿರಾಕ್ಷೇಪಣೆ ಪಡೆದು ಹೊಸ ವಕಾಲತ್ತು ಹಾಕಿಸುವುದು ರೂಢಿ. ಅವರು ಕೊಡದಿದ್ದರೆ ಕಾರಣ ತಿಳಿಸಿ ನ್ಯಾಯಾಲಯದ ಅನುಮತಿ ಕೇಳಬಹುದು, ಏಕೆಂದರೆ ತನ್ನ ಆಯ್ಕೆಯ ವಕೀಲರನ್ನು ಇಟ್ಟುಕೊಳ್ಳುವುದು ಸಂವಿಧಾನದ 22ನೇ ವಿಧಿ ಕೊಟ್ಟ ಹಕ್ಕು. ಫೀಸು ಬಾಕಿಯಿದೆಯೆಂದು ಕಕ್ಷಿದಾರರ ಕಾಗದಪತ್ರಗಳನ್ನು ತಡೆಹಿಡಿಯುವಂತಿಲ್ಲವೆಂದು ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ 2000ದಲ್ಲಿಯೇ ತೀರ್ಪಾಗಿದೆ. ವೃತ್ತಿ ದುರ್ನಡತೆ ನಡೆದಿದ್ದರೆ 1961ರ ವಕೀಲರ ಕಾಯ್ದೆಯ 35ನೇ ಕಲಂ ಅಡಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಅದರಿಂದ ವಕೀಲರ ಮೇಲೆ ಕ್ರಮವಾಗಬಹುದೇ ಹೊರತು ನಿಮ್ಮ ಕೇಸು ಸರಿಹೋಗುವುದಿಲ್ಲ, ಹಾಗಾಗಿ ಮೊದಲು ಕೇಸನ್ನು ಭದ್ರಪಡಿಸಿಕೊಳ್ಳಿ ಎನ್ನುತ್ತೇನೆ. ಗ್ರಾಹಕರ ನ್ಯಾಯಾಲಯದ ದಾರಿ 2024ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನಿಂದ ಮುಚ್ಚಿದೆ.

ಹೊಸ ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬೇಕು ಅಥವಾ 15100ಕ್ಕೆ ಕರೆ ಮಾಡಬೇಕು. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಹಾಗೆ ಸಿಕ್ಕವರೂ ಕೆಲಸ ಮಾಡದಿದ್ದರೆ ಅಥವಾ ಹಣ ಕೇಳಿದರೆ, ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗಳಿಗೆ ಲಿಖಿತ ಅರ್ಜಿ ಕೊಟ್ಟು ಬೇರೆಯವರನ್ನು ನೇಮಿಸುವಂತೆ ಕೋರಬಹುದು. ಮುಂದಿನ ದಿನಾಂಕಕ್ಕೆ ಯಾವ ಸಾಕ್ಷಿ ಬರಲಿದ್ದಾರೆ ಎಂಬುದನ್ನು ಆ ಅರ್ಜಿಯಲ್ಲಿಯೇ ಬರೆದರೆ, ಬರುವ ವಕೀಲರಿಗೆ ಎಷ್ಟು ಸಮಯವಿದೆ ಎಂಬುದು ನೇಮಕ ಮಾಡುವವರಿಗೂ ತಿಳಿಯುತ್ತದೆ.