ಹೊಸ ಹಗ್ಗ ತುಂಡಾಯಿತು, ಹಳೇ ನೈಲಾನ್ ನಿಂತಿತು

ಮಳೆಗಾಲದಲ್ಲಿ ನಮ್ಮ ಬಾರ್ಜ್‌ನ ಹೆಡ್‌ಲೈನ್ (ಮುಂಭಾಗವನ್ನು ದಕ್ಕೆಗೆ ಕಟ್ಟುವ ಹಗ್ಗ) ತುಂಡಾದದ್ದಕ್ಕೆ ಆಫೀಸಿನವರು ಇವತ್ತಿಗೂ ಹಗ್ಗ ಮಾರಿದವನನ್ನೇ ಬೈಯುತ್ತಿದ್ದಾರೆ. ಅವನದ್ದೇನೂ ತಪ್ಪಿಲ್ಲ.

ಮಂಗಳೂರು ಹಳೆ ಬಂದರು, ರಾತ್ರಿ ಪಾಳಿ. ಘಟ್ಟದಲ್ಲಿ ಮಳೆ ಹೊಡೆದು ಫಲ್ಗುಣಿ ಕೆಂಪಾಗಿ ತುಂಬಿ ಹರಿಯುತ್ತಿತ್ತು, ಜೊತೆಗೆ ಇಳಿತ, ಅಳಿವೆಯಿಂದ ಒಳಬರುವ ಅಲೆ ಬೇರೆ. ಮುಂದಕ್ಕೆ ಎರಡು ಲೈನ್: ಒಂದು ಹೊಸ ಎಚ್‌ಎಂಪಿಇ, ಅಂದರೆ ಬಲ ಹೆಚ್ಚು, ಹಿಗ್ಗುವುದು ಕಡಿಮೆ ಇರುವ ಪಾಲಿಎಥಿಲೀನ್ ಹಗ್ಗ, ಇನ್ನೊಂದು ಹಳೇ ನೈಲಾನ್. ಎರಡಿದ್ದರೆ ಶಕ್ತಿ ಡಬಲ್ ಅನ್ನುವುದು ಆಫೀಸಿನ ಲೆಕ್ಕ.

ಬಾರ್ಜ್ ಜಗ್ಗತೊಡಗಿದಾಗ ಟಾರ್ಚ್ ಹಾಕಿ ನೋಡಿದೆ. ಎಚ್‌ಎಂಪಿಇ ಕಬ್ಬಿಣದ ಸಲಾಕೆಯ ಹಾಗೆ ಸೆಟೆದಿತ್ತು. ಪಕ್ಕದ ನೈಲಾನ್ ಇನ್ನೂ ಜೋತಾಡುತ್ತಿತ್ತು. ಭಾರವೆಲ್ಲ ಒಂದರ ಮೇಲೇ. ಸಡಿಲ ಬಿಡಬೇಕೆಂದರೆ ಹಗ್ಗದ ನೇರಕ್ಕೇ ನಿಲ್ಲಬೇಕು. "ಬೇಡ ಮಾರಾಯ್ರೆ, ಹಿಂದೆ ಬನ್ನಿ!" ಅಂತ ಸಾರಂಗ್ (ನಾವಿಕರ ಮುಖ್ಯಸ್ಥ) ಕೂಗಿದರು. ಎಚ್‌ಎಂಪಿಇ ತುಂಡಾದರೆ ಹಾರುವುದಿಲ್ಲ ಎಂದು ನಂಬಿದವರು ನಮ್ಮಲ್ಲೂ ಇದ್ದಾರೆ. ಆದರೆ 2015ರಲ್ಲಿ ಬ್ರಿಟನ್ನಿನ ಮಿಲ್ಫರ್ಡ್ ಹೇವನ್‌ನಲ್ಲಿ ಜರ್ಗಾ ಎಂಬ ಗ್ಯಾಸ್ ಹಡಗಿನ ಅಂಥದ್ದೇ ಹಗ್ಗ ಹಿಮ್ಮುಖ ಬಡಿದು ಆಫೀಸರೊಬ್ಬರ ತಲೆಗೆ ತೀವ್ರ ಗಾಯವಾಗಿತ್ತು.

ನಾವೆಲ್ಲರೂ ವೀಲ್‌ಹೌಸ್ (ಚುಕ್ಕಾಣಿ ಕೋಣೆ) ಹಿಂದೆ ಸೇರಿದ ಮೇಲೆ ನಮ್ಮ ಎಚ್‌ಎಂಪಿಇ ಠಪ್ಪೆಂದು ಹೋಯಿತು. ಬಾರ್ಜ್ ಹಿಂದಕ್ಕೆ ಜಾರಿತು. ನೈಲಾನ್ ಉದ್ದವಾಗುತ್ತಾ, ತೆಳ್ಳಗಾಗುತ್ತಾ ಹೋಯಿತು. ಎಳೆಗಳ ಸಂದಿಯಿಂದ ನೀರು ಹಿಂಡಿಕೊಂಡು ತೊಟ್ಟಿಕ್ಕಿತು, ಬಿಟ್‌ಗೆ (ಹಗ್ಗ ಕಟ್ಟುವ ಡೆಕ್ಕಿನ ಕಂಬ) ಸುತ್ತಿದ ಸುತ್ತುಗಳು ಕಿರುಗುಟ್ಟಿದವು. ಇದೂ ಹೋದರೆ ಕೆಳಗೆ ಕಟ್ಟಿದ ಬೋಟುಗಳ ಮೇಲೇ ಬೀಳುತ್ತಿದ್ದೆವು. ಟಗ್ ಬಂದು ಒತ್ತಿಹಿಡಿಯುವವರೆಗೂ ಅದು ತಡೆಯಿತು.

ಒದ್ದೆಯಾದಾಗ ನೈಲಾನ್ ಶೇ. 10-15ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಆದರೂ ನಿಂತದ್ದು ಎಳೆತದ ಗುಣದಿಂದ. ಎಚ್‌ಎಂಪಿಇ ಶೇ. 3-4ರಷ್ಟು ಹಿಗ್ಗುವಷ್ಟರಲ್ಲಿ ತುಂಡಾಗುತ್ತದೆ, ನೈಲಾನ್ ಶೇ. 25ಕ್ಕಿಂತ ಹೆಚ್ಚು ಹಿಗ್ಗಬಲ್ಲದು. ಜೋಡಿ ಕಟ್ಟಿದಾಗ ನೈಲಾನ್ ಭಾರ ಹೊರಲು ಶುರು ಮಾಡುವ ಮೊದಲೇ ಎಚ್‌ಎಂಪಿಇಯ ಕಥೆ ಮುಗಿದಿರುತ್ತದೆ. ಅಲೆಯ ಒಂದೊಂದು ಜಗ್ಗೂ ಪೂರ್ತಿ ಅದಕ್ಕೇ ಬಡಿಯುತ್ತದೆ. ಸರ್ಟಿಫಿಕೇಟ್‌ನಲ್ಲಿ ಬರೆದ ಟನ್ನು ಇದನ್ನು ಹೇಳುವುದಿಲ್ಲ, ಖರೀದಿ ವಿಭಾಗ ನೋಡುವುದು ಅದೊಂದನ್ನೇ.

ಮೊನ್ನೆ ಬಂದ ಇಂಡೆಂಟ್‌ನಲ್ಲಿ (ಖರೀದಿ ಬೇಡಿಕೆ ಪಟ್ಟಿ) ಮತ್ತೆ ಒಂದು ಎಚ್‌ಎಂಪಿಇ, ಒಂದು ನೈಲಾನ್. ಸಹಿ ಹಾಕದೆ ವಾಪಸ್ ಕಳಿಸಿದ್ದೇನೆ. ಒಂದೇ ದಿಕ್ಕಿಗೆ ಕೊಡುವ ಲೈನುಗಳು ಒಂದೇ ಜಾತಿ, ಆದಷ್ಟು ಒಂದೇ ಉದ್ದ ಇರಬೇಕು. ಎಚ್‌ಎಂಪಿಇಯೇ ಬೇಕಾದರೆ ಎರಡಕ್ಕೂ 11 ಮೀಟರ್ ಟೈಲ್ (ತುದಿಗೆ ಜೋಡಿಸುವ ಹಿಗ್ಗುವ ಹಗ್ಗದ ತುಂಡು), ಅದರ ಶಕ್ತಿ ಮುಖ್ಯ ಹಗ್ಗಕ್ಕಿಂತ ಕಾಲು ಪಾಲಾದರೂ ಹೆಚ್ಚು. ಇಷ್ಟನ್ನೂ ಇಂಡೆಂಟ್ ಮೇಲೆಯೇ ಬರೆದಿದ್ದೇನೆ.