ನಾಡಿ ನಿಧಾನ, ತಡೆ ಎಲ್ಲಿ?
ಶಿರಸಿ, 12 ಜುಲೈ 2024, ಶುಕ್ರವಾರ

ಮಳೆ ಹೊಳವಾದಾಗ ಕೊಳೆಮದ್ದು ಹೊಡೆಯಲು ಅಡಿಕೆ ಮರ ಹತ್ತುವ ಕೊನೆಗೌಡನ ನಾಡಿ, ಕೂತಾಗ ನಿಮಿಷಕ್ಕೆ 50 ಇದ್ದರೆ ಗಾಬರಿ ಬೇಡ. ಎಂಬತ್ತರ ಅಜ್ಜನಿಗೆ 36 ಇದ್ದು, ಬಚ್ಚಲಿಗೆ ಹೋಗಿ ಬಂದ ಮೇಲೂ 36ರಲ್ಲೇ ನಿಂತಿದ್ದರೆ ಇಸಿಜಿ ಇವತ್ತೇ ಆಗಬೇಕು.

ಬಡಿತ ಹುಟ್ಟುವುದು ಬಲ ಹೃತ್ಕರ್ಣದ ಮೇಲ್ಭಾಗದ ಎಸ್‌ಎ ನೋಡ್ ಎಂಬ ಪುಟ್ಟ ಗಂಟಿನಲ್ಲಿ. ನರಗಳ ಹಂಗಿಲ್ಲದಿದ್ದರೆ ಅದರ ವೇಗ ಸುಮಾರು 100. ಅದನ್ನು 70ರ ಆಸುಪಾಸಿಗೆ ಇಳಿಸುವುದು ವೇಗಸ್ ನರ. ದುಡಿದ ಮೈಯಲ್ಲಿ ನೋಡ್‌ನ ಸ್ವಂತ ವೇಗವೂ ಕೊಂಚ ತಗ್ಗಿರುತ್ತದೆ. ಮರ ಹತ್ತತೊಡಗಿದರೆ ನಾಡಿ ಸರಸರ ಏರುತ್ತದೆ.

ಅಜ್ಜನ ತೊಂದರೆ ಬಹುಮಟ್ಟಿಗೆ ಅದರ ಕೆಳಗಿನದು: ಬಡಿತದ ಸಂಕೇತಕ್ಕೆ ದಾರಿಯಲ್ಲಿ ತಡೆ. ಮೇಲಿನ, ಕೆಳಗಿನ ಕೋಣೆಗಳ ನಡುವಿನ ಎವಿ ನೋಡ್‌ನ ಕೆಲಸವೇ ತಡ ಮಾಡುವುದು: ಸೆಕೆಂಡಿನ ಹತ್ತನೇ ಒಂದರಷ್ಟು. ಅಷ್ಟರಲ್ಲಿ ಕೆಳಕೋಣೆಗಳು ತುಂಬಬೇಕು. ಈ ನೋಡನ್ನು 1906ರಲ್ಲಿ ಜಪಾನಿನ ವೈದ್ಯ ಸುನಾವೊ ತವಾರಾ ವಿವರಿಸಿದರು. ಎಸ್‌ಎ ನೋಡ್ ಬೆಳಕಿಗೆ ಬಂದದ್ದು ಮರುವರ್ಷ. ಹುಟ್ಟುವ ಜಾಗಕ್ಕಿಂತ ತಡೆಯುವ ಜಾಗವೇ ಮೊದಲು ಸಿಕ್ಕಿತು ಎನ್ನಿ.

ಇಸಿಜಿ ಕಾಗದ ಸೆಕೆಂಡಿಗೆ 25 ಮಿ.ಮೀ. ಓಡುತ್ತದೆ, ಒಂದು ಸಣ್ಣ ಚೌಕ 0.04 ಸೆಕೆಂಡು. ಮೇಲ್ಕೋಣೆಗಳ ಪಿ ಅಲೆ ಶುರುವಾದಲ್ಲಿಂದ ಕೆಳಕೋಣೆಗಳ ಕ್ಯೂಆರ್‌ಎಸ್ ಶುರುವಾಗುವವರೆಗಿನ ಪಿಆರ್ ಅಂತರ 3ರಿಂದ 5 ಚೌಕ ಇರಬೇಕು. ಅದು ಬಡಿತದಿಂದ ಬಡಿತಕ್ಕೆ ಉದ್ದವಾಗುತ್ತ ಹೋಗಿ ಒಂದು ಕ್ಯೂಆರ್‌ಎಸ್ ತಪ್ಪಿದರೆ ತಡೆ ಸಾಮಾನ್ಯವಾಗಿ ನೋಡ್‌ನಲ್ಲೇ, ವೇಗಸ್ ಹಿಡಿತ ಸಡಿಲಿಸುವ ಅಟ್ರೋಪಿನ್ ಮದ್ದಿಗೆ ಬಗ್ಗುವುದುಂಟು. ಅಂತರ ಅಲುಗಾಡದೆ ಇದ್ದಕ್ಕಿದ್ದಂತೆ ತಪ್ಪಿದರೆ ತಡೆ ನೋಡ್‌ನ ಕೆಳಗೆ ಸಂಕೇತ ಒಯ್ಯುವ ಹಿಸ್ ಕಟ್ಟು ಅಥವಾ ಅದರ ಕವಲುಗಳಲ್ಲಿ. ಅಲ್ಲಿ ಅಟ್ರೋಪಿನ್ ನಂಬುವಂತಿಲ್ಲ. ಪಿ ಅಲೆಗಳು ತಮ್ಮ ಪಾಡಿಗೆ 80ರಲ್ಲಿ, ಅಗಲದ ಕ್ಯೂಆರ್‌ಎಸ್ ತನ್ನ ಪಾಡಿಗೆ 20ರಿಂದ 40ರಲ್ಲಿ ಓಡುತ್ತಿದ್ದರೆ ಪೂರ್ಣ ತಡೆ. ತಲೆಸುತ್ತಿ ಬೀಳುವವರು ಇವರೇ.

ಪೇಸ್‌ಮೇಕರ್ ಮಾತೆತ್ತುವ ಮೊದಲು ಗುಳಿಗೆ ಚೀಲ ಸುರುವಿ ನೋಡಬೇಕು. ಬಿಪಿಗೆ, ಹೃದಯಕ್ಕೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್ ಎವಿ ನೋಡನ್ನು ಇನ್ನಷ್ಟು ನಿಧಾನ ಮಾಡುತ್ತವೆ. ಕಿಡ್ನಿ ಸೋತವರು ಬಿಪಿ ಗುಳಿಗೆ ಟೆಲ್ಮಿಸಾರ್ಟಾನ್ ನುಂಗುತ್ತ ದಿನವೂ ಎಳನೀರು ಕುಡಿದರೆ ಪೊಟ್ಯಾಸಿಯಂ ಏರಿ ನಾಡಿ ಬೀಳಬಹುದು. ಈ ಸೀಮೆಯಲ್ಲಿ ಎಳನೀರನ್ನು ಯಾರೂ ಪಥ್ಯದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೇಳಿಯೇ ತಿಳಿಯಬೇಕು.

ಇನ್ನೊಂದು, ಬೇಲಿಯ ಹಳದಿ ಕಣಗಿಲೆ. ಅದರ ಬೀಜದ ವಿಷ ಹೃದಯದ ಮದ್ದು ಡಿಗಾಕ್ಸಿನ್ ತರಹದ್ದೇ: ಜೀವಕೋಶಗಳ ಸೋಡಿಯಂ-ಪೊಟ್ಯಾಸಿಯಂ ಪಂಪು ನಿಲ್ಲಿಸಿ, ಎವಿ ನೋಡ್‌ನಲ್ಲಿ ತಡೆ ಒಡ್ಡಿ, ಜೊತೆಗೆ ಪೊಟ್ಯಾಸಿಯಂ ಏರಿಸುತ್ತದೆ. ಬೀಜ ತಿಂದವರನ್ನು, ಬಂದಾಗ ಇಸಿಜಿ ಚೆನ್ನಾಗಿದೆಯೆಂದು ಮನೆಗೆ ಕಳಿಸಬಾರದು. ತಡೆ ತಾಸುಗಟ್ಟಲೆ ಬಿಟ್ಟೂ ಬರಬಹುದು. ಕನಿಷ್ಠ 24 ತಾಸು ಮಾನಿಟರ್ ತೆಗೆಯಬೇಡಿ.